ನೀಲಿ ಟಾರ್ಪಾಲಿನ ಕೆಳಗೊಂದು ಪ್ರವಾಸ

ಹೋಕ್ವಿಯಂ ಊರಿನಲ್ಲಿ ಆರ್ಡಿಸ್ ಟ್ಯಾಂಬ್ಲಿನ್‌ಳನ್ನು ಅರಿಯದವರು ಕಡಿಮೆ. ಊರಿನ ಅರ್ಧಕ್ಕರ್ಧ ಜನ ಚಿಕ್ಕವರಿದ್ದಾಗ ಅವಳು ಓಡಿಸುತ್ತಿದ್ದ ಹಳದಿ ಶಾಲಾ ಬಸ್ಸಿನಲ್ಲಿ ಕೂತು ಬಂದವರೇ. ಮಕ್ಕಳು ಗಲಾಟೆ ಮಾಡಿದರೆ ಅವಳು ಬೈಯುತ್ತಿರಲಿಲ್ಲ. ಬಸ್ಸನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕನ್ನಡಿಯಲ್ಲಿ ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ಆ ಸುಮ್ಮನಿರುವಿಕೆಗೆ ಎಂಥ ಪುಂಡರೂ ತಣ್ಣಗಾಗುತ್ತಿದ್ದರು. ಮಂಜು ಕವಿದ ಬೆಳಗುಗಳಲ್ಲಿ, ಮರದ ದಿಮ್ಮಿ ಹೇರಿದ ಲಾರಿಗಳು ಮೈಮೇಲೆ ಬರುವ ಹಾಗೆ ಎದುರಾಗುವ ಗುಡ್ಡದ ದಾರಿಯಲ್ಲಿ, ಮೂವತ್ತು ವರ್ಷದ ಹತ್ತಿರ ಆ ಬಸ್ಸು ಓಡಿಸಿದಳು. ಒಂದು ಮಗುವಿಗೂ ತರಚುಗಾಯ ಆಗಲಿಲ್ಲ. ಅವಳ ಗುಂಡಿಗೆ ಗಟ್ಟಿ ಎಂದು ಊರೇ ಹೇಳುತ್ತಿತ್ತು.

ಆ ಗುಂಡಿಗೆ ಅಳುಕುತ್ತಿದ್ದುದು ಸಮುದ್ರಕ್ಕೆ ಮಾತ್ರ. ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಪೆಸಿಫಿಕ್ ಸಾಗರವೇ ಇದ್ದರೂ ಅವಳು ಅದಕ್ಕೆ ಬೆನ್ನು ತಿರುಗಿಸಿ ನಿಂತವಳಲ್ಲ. ಚಿಕ್ಕವಳಿದ್ದಾಗ ಒಮ್ಮೆ ಮನೆಮಂದಿಯೆಲ್ಲ ಮರಳಿನಲ್ಲಿ ಚಿಪ್ಪುಮೀನು ಅಗೆಯಲು ಹೋಗಿದ್ದರು. ಅವಳ ಚಿಕ್ಕಪ್ಪ ಟೋಯ್ವೊ, ನದಿ ತಂದು ದಡಕ್ಕೆ ಎಸೆದಿದ್ದ ದೊಡ್ಡ ದಿಮ್ಮಿಯೊಂದರ ಮೇಲೆ ನಿಂತು ಬುತ್ತಿ ಬಿಚ್ಚುತ್ತಿದ್ದ. ಎಲ್ಲ ಅಲೆಗಳಂತೆಯೇ ಬಂದ ಒಂದು ಅಲೆ ಉಳಿದವು ನಿಂತಲ್ಲಿ ನಿಲ್ಲದೆ ಇನ್ನೂ ಮೇಲೆ ಹರಿಯಿತು. ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಅಷ್ಟು ನೀರಿಗೇ ಆ ದಿಮ್ಮಿ ಬೆಂಡಿನ ಹಾಗೆ ಎದ್ದು ಹೊರಳಿತು. ಅದರಡಿಗೆ ಸಿಕ್ಕಿದ ಚಿಕ್ಕಪ್ಪ ಕೂಗಲೂ ಇಲ್ಲ. ಆಮೇಲೆ ಸಮುದ್ರ ಏನೂ ಆಗದ ಹಾಗೆ ಹಿಂದೆ ಸರಿಯಿತು. ಆರ್ಡಿಸ್‌ಗೆ ನೆನಪಿರುವುದು ಮರಳಿನ ಮೇಲೆ ಚೆಲ್ಲಿದ್ದ ಬ್ರೆಡ್ಡು, ಮತ್ತು ಅದನ್ನು ಕುಕ್ಕಲು ಆಗಲೇ ಬಂದಿಳಿದ ಕಡಲಹಕ್ಕಿಗಳು.

ಇಂಥವಳು ಅರವತ್ತಾರರ ವಯಸ್ಸಿನಲ್ಲಿ, ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಕಡಲಂಚನ್ನು ಸುತ್ತಿ ಬರಬೇಕು, ಬರೀ ಸುತ್ತಿದರೆ ಸಾಲದು, ಆ ದಡಗಳಲ್ಲಿ ನಡೆಯಬೇಕು ಎಂದು ಹೊರಟದ್ದು ಅತ್ತಿಗೆ ಮಾರ್ಲಿಸ್‌ಳಿಂದ.

ಮಾರ್ಲಿಸ್ ಗಂಡನ ಅಕ್ಕ. ಪೇಟೆಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡು ಊರಿನ ಗುಟ್ಟುಗಳನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡವಳು. ಗಂಡನನ್ನು ಒಮ್ಮೆ ಕಟ್ಟಿಕೊಂಡು ಒಮ್ಮೆ ಬಿಟ್ಟಿದ್ದಳು. ಎರಡನ್ನೂ ಒಂದೇ ನಗೆಯಲ್ಲಿ ಹೇಳುತ್ತಿದ್ದಳು. ಬೆರಳ ಸಂದಿಯಲ್ಲಿ ಸದಾ ಸಿಗರೇಟು. ಆರ್ಡಿಸ್‌ಗೆ ಅವಳು ಅತ್ತಿಗೆಗಿಂತ ಹೆಚ್ಚಾಗಿ ಗೆಳತಿ. ಆ ವರ್ಷ ಅಂಗಡಿ ಮಾರಿ ಕೈಕಾಲು ಬಿಡಿಸಿಕೊಂಡ ಮೇಲೆ, ಆರ್ಡಿಸ್‌ಳ ಮಂಡಿ ಇನ್ನು ಹೆಚ್ಚು ದಿನ ತಾಳುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿ, ಅವಳು ಒಂದು ನಕಾಶೆ ಹಿಡಿದುಕೊಂಡು ಮನೆಗೆ ಬಂದಳು. ಹುಟ್ಟಿದಾಗಿನಿಂದ ಈ ಕಡಲ ಪಕ್ಕದಲ್ಲೇ ಇದ್ದೇವೆ, ಸಿಯಾಟಲಿನಿಂದ ಬಂದವರು ನೋಡಿದಷ್ಟನ್ನೂ ನಾವು ನೋಡಿಲ್ಲ, ಮಂಡಿ ಕೈಕೊಡುವ ಮೊದಲು ನೋಡಿಬಿಡೋಣ ಎಂದಳು. ಆರ್ಡಿಸ್ ತನ್ನ ಹೆದರಿಕೆ ಹೇಳಿಕೊಂಡಳು. ಮಾರ್ಲಿಸ್‌ಗೆ ಅದು ಕೇಳಿ ಕೇಳಿ ಹಳತಾಗಿತ್ತು.

"ಇಡೀ ಊರಿನ ಮಕ್ಕಳನ್ನ ಗುಡ್ಡ ಹತ್ತಿಸಿ ಇಳಿಸ್ದೋಳು ನೀನು. ಒದ್ದೆ ಮರಳಿಗೆ ಹೆದರ್ತೀಯಲ್ಲೇ."

ಆ ಮಾತು ಆರ್ಡಿಸ್‌ಗೆ ನಾಟಿತು. ಹೆದರಿಕೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಸಾಯುವುದು ಅವಳಿಗೂ ಬೇಡವಾಗಿತ್ತು. ಆಗಲಿ ಎಂದಳು.

ಗಂಡ ರಾಯ್ಸ್ ದಿಮ್ಮಿ ಲಾರಿ ಓಡಿಸಿದವನು. ಎತ್ತರದ ಆಳು, ಮಾತು ಕಡಿಮೆ, ಯಂತ್ರ ಯಾವುದೇ ಇರಲಿ ಕಿವಿಯಿಟ್ಟು ಕೇಳಿದರೆ ಕಾಯಿಲೆ ಏನೆಂದು ಗೊತ್ತಾಗುತ್ತದೆ ಎಂಬ ನಂಬಿಕೆ. ಅವನು ಪಕ್ಕದೂರಿನಲ್ಲಿ ಹುಡುಕಿ ಒಂದು ಹಳೆಯ ಮೋಟಾರ್‌ಹೋಮ್ ತಂದು ಮನೆಯ ಪಕ್ಕಕ್ಕೆ ನಿಲ್ಲಿಸಿದ. ಒಳಗೆ ಹಾಸಿಗೆ, ಒಲೆ, ಪಾಯಿಖಾನೆ, ಊಟಕ್ಕೆ ಎದುರುಬದುರು ಬೆಂಚು ಹಾಕಿದ ಮೇಜು, ಚಳಿಗೆ ಗ್ಯಾಸಿನ ಹೀಟರು, ಎಲ್ಲ ಇತ್ತು. ವಾಸನೆ ಮಾತ್ರ ಯಾರದೋ ಹಳೆಯ ಕೋಟಿನ ಹಾಗೆ. ಗೋಡೆಯ ಮೇಲಿದ್ದ ವಿಷಗಾಳಿಯ ಎಚ್ಚರಿಕೆ ಗಂಟೆ ಮೊದಲ ದಿನದಿಂದಲೇ ಕಿಚ್ ಕಿಚ್ ಎನ್ನತೊಡಗಿತು. ಬ್ಯಾಟರಿ ಬದಲಿಸಿದರೂ ನಿಲ್ಲಲಿಲ್ಲ. ಹೀಟರು ಹಚ್ಚಿರಲಿ, ಆರಿಸಿರಲಿ, ಅದು ಕಿಚ್ ಕಿಚ್. ರಾಯ್ಸ್ ಅದರ ತಿರುಪು ಬಿಚ್ಚಿ ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಇದಕ್ಕೆ ವಯಸ್ಸಾಗಿದೆ. ನಮ್ಮಕ್ಕನ ಥರ. ಕಾರಣ ಇಲ್ದೇನೇ ಕೂಗ್ತಿರುತ್ತೆ."

"ನೀನು ಹುಟ್ಟಿದಾಗಿಂದ ನಾನು ಕೂಗೋಕ್ಕೆ ನೀನೇ ಕಾರಣ ಕಣೋ," ಎಂದಳು ಮಾರ್ಲಿಸ್.

ಮೂವರೂ ನಕ್ಕರು. ಹೊಸದು ತಂದು ಹಾಕಿದರಾಯಿತು ಎಂದು ರಾಯ್ಸ್ ಅದನ್ನು ಚಮಚಗಳ ಡ್ರಾಯರಿಗೆ ಹಾಕಿದ. ಆಮೇಲೆ ಅದು ಎಲ್ಲರಿಗೂ ಮರೆತೇ ಹೋಯಿತು.

ಫೆಬ್ರುವರಿಯ ಮಳೆ ಶುರುವಾದಾಗ ಗಾಡಿಯ ಚಾವಣಿ ಸೋರುವುದು ತಿಳಿಯಿತು. ಬೇಸಿಗೆ ಬರದೆ ಅದನ್ನು ರಿಪೇರಿ ಮಾಡುವಂತಿರಲಿಲ್ಲ. ರಾಯ್ಸ್ ಒಂದು ದೊಡ್ಡ ನೀಲಿ ಟಾರ್ಪಾಲು ತಂದು ಗಾಡಿಯ ಮೇಲಿಂದ ಹೊದಿಸಿ, ಎರಡೂ ಕಡೆ ನೆಲದ ತನಕ ಇಳಿಬಿಟ್ಟು, ಗಾಳಿಗೆ ಹಾರದ ಹಾಗೆ ಕಲ್ಲು ಹೇರಿದ. ಆ ಸೀಮೆಯಲ್ಲಿ ನೀಲಿ ಟಾರ್ಪಾಲಿಲ್ಲದ ಮನೆಯೇ ಇಲ್ಲ. ಸೌದೆಗೊಂದು, ದೋಣಿಗೊಂದು, ಕೆಟ್ಟ ಕಾರಿಗೊಂದು. ಯಾರೂ ಅದನ್ನು ಎರಡನೆಯ ಸಲ ನೋಡಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಮೂವರೂ ಆ ಗಾಡಿಯಲ್ಲೇ ಕೂತು ಪ್ರವಾಸದ ಯೋಜನೆ ಮಾಡುವುದು ರೂಢಿಯಾಯಿತು. ಮನೆಯ ಅಡುಗೆಮನೆಯಲ್ಲಿ ಕೂರಬಹುದಿತ್ತು. ಆದರೆ ಗಾಡಿಯಲ್ಲಿ ಕೂತರೆ ಅರ್ಧ ಹೊರಟ ಹಾಗೆ ಎಂದು ಮಾರ್ಲಿಸ್. ಟಾರ್ಪಾಲಿನಿಂದ ಒಳಗೆಲ್ಲ ನೀಲಿ ಬೆಳಕು, ತಲೆಯ ಮೇಲೆ ಮಳೆಯ ಪಟಪಟ, ಕಾಲ ಹತ್ತಿರ ಹೀಟರಿನ ಬೆಚ್ಚನೆ ಗಾಳಿ. ಮೇಜಿನ ಮೇಲೆ ನಕಾಶೆ ಹರವಿ, ಜೂನ್ ತಿಂಗಳಲ್ಲಿ ಹೊರಟು, ಮೊದಲು ಕ್ಲೇಲಾಕಿನಲ್ಲಿ ತಂಗುವುದು, ಅಲ್ಲಿಂದ ಹೋ ನದಿಯ ಕಾಡು, ಆಮೇಲೆ ರಿಯಾಲ್ಟೊ ಕಡಲತೀರ, ಕೊನೆಗೆ ಓಜೆಟ್ ಸರೋವರದಿಂದ ಮರದ ಹಲಗೆಯ ದಾರಿ ಹಿಡಿದು ಸಮುದ್ರಕ್ಕೆ ನಡೆಯುವುದು ಎಂದು ಗೊತ್ತುಮಾಡಿದರು. ಗಾಡಿ ಉದ್ದವಿದ್ದುದರಿಂದ ಎಲ್ಲ ಕಡೆ ಜಾಗ ಸಿಗುತ್ತಿರಲಿಲ್ಲ. ಸಿಕ್ಕ ಜಾಗವನ್ನು ಮಾರ್ಲಿಸ್ ಕಂಪ್ಯೂಟರಿನಲ್ಲಿ ಕಾಯ್ದಿರಿಸುತ್ತಿದ್ದಳು. ಸಮುದ್ರದ ಉಬ್ಬರ ಇಳಿತದ ಪಟ್ಟಿ ಓದುವ ಕೆಲಸ ಆರ್ಡಿಸ್‌ಳದು. ಆ ದಡಗಳಲ್ಲಿ ಅಲ್ಲಲ್ಲಿ ಗುಡ್ಡ ಕಡಲಿಗೆ ಮೂಗು ಚಾಚಿರುತ್ತದೆ. ಇಳಿತದಲ್ಲಿ ಅದರ ಬುಡ ಬಳಸಿ ಹೋಗಬಹುದು, ಉಬ್ಬರಕ್ಕೆ ಸಿಕ್ಕಿಕೊಂಡರೆ ಮುಂದೆ ನೀರು, ಹಿಂದೆ ನೀರು. ಬಳಸಲಾಗದ ಕಡೆ ಹಗ್ಗದ ಏಣಿ ಹಿಡಿದು ಗುಡ್ಡ ಹತ್ತಿ ಇಳಿಯಬೇಕು. ಅಂಥ ಒಂದು ಏಣಿಯನ್ನಾದರೂ ಹತ್ತಲೇಬೇಕೆಂದು ಮಾರ್ಲಿಸ್ ಪಟ್ಟು ಹಿಡಿದಿದ್ದಳು. ಹೊಸ ಬೂಟು ಕೊಂಡು, ಪಳಗಲಿ ಎಂದು ಮನೆಯೊಳಗೇ ಹಾಕಿಕೊಂಡು ಓಡಾಡುತ್ತಿದ್ದಳು.

ಆರ್ಡಿಸ್‌ಗೆ ತಲೆನೋವು ಶುರುವಾದದ್ದು ಆಗಲೇ.

ಮೊದಲು ಹಣೆಯ ಮೇಲೊಂದು ಬಿಗಿ ಪಟ್ಟಿ ಕಟ್ಟಿದ ಹಾಗೆ. ಆಮೇಲೆ ಉಬ್ಬರ ಇಳಿತದ ಅಂಕಿಗಳು ಕಣ್ಣೆದುರಿಗೆ ಈಜುವುದು, ಹೊಟ್ಟೆ ತೊಳಸುವುದು, ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುವುದು. ನಕಾಶೆಯ ಮೇಲಿನ ನೀಲಿಯನ್ನು ನೋಡುತ್ತಿದ್ದರೆ ಅದು ಮೆಲ್ಲಗೆ ಮೇಲಕ್ಕೆ ಹರಿದು ಬರುತ್ತಿದೆಯೆನಿಸುತ್ತಿತ್ತು. ಗಾಡಿಯಿಂದ ಇಳಿದು ಮನೆಯೊಳಗೆ ಬಂದು ಸ್ವಲ್ಪ ಹೊತ್ತು ಕೂತರೆ ಎಲ್ಲ ಇಳಿಯುತ್ತಿತ್ತು. ಮಾರನೆಯ ಮಧ್ಯಾಹ್ನ ನಕಾಶೆ ಬಿಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಮತ್ತೆ ಅದೇ. ಅವಳು ಲೆಕ್ಕ ಹಾಕಿದ್ದು ಸರಳವಾಗಿತ್ತು: ಪ್ರವಾಸದ ಮಾತೆತ್ತಿದಾಗ ಮೈ ಕೆಡುತ್ತದೆ, ಮಾತು ಮುಗಿದಾಗ ಸರಿಹೋಗುತ್ತದೆ. ಚಿಕ್ಕಪ್ಪನನ್ನು ಕೊಂಡೊಯ್ದ ಸಮುದ್ರ ತನ್ನನ್ನೂ ಗುರುತಿಟ್ಟುಕೊಂಡಿದೆ, ಬರಬೇಡ ಎನ್ನುತ್ತಿದೆ. ಶಕುನ ಗಿಕುನ ನಂಬಿದವಳಲ್ಲ ಅವಳು. ಆದರೂ ಈ ಯೋಚನೆ ಒಳಗೆ ಹೊಕ್ಕಮೇಲೆ ಮುಳ್ಳಿನ ಹಾಗೆ ಅಲ್ಲೇ ಮುರಿದು ಕೂತಿತು.

ರಾಯ್ಸ್ ಕೂಡ ಬದಲಾಗತೊಡಗಿದ್ದ. ಎಂದೂ ಗಟ್ಟಿಯಾಗಿ ಮಾತಾಡದವನು ಸಣ್ಣ ಸಣ್ಣದಕ್ಕೆ ಸಿಡುಕುವುದು, ಈಗ ತಾನೇ ಗುರುತು ಹಾಕಿದ ದಾರಿಯನ್ನು ಮತ್ತೆ ಹುಡುಕುವುದು, ಮಾತಿನ ನಡುವೆ ಬಾಯಿ ತೆರೆದು ಹಾಗೇ ಕೂತುಬಿಡುವುದು. ತಲೆಭಾರ ಎನ್ನುತ್ತಿದ್ದ. ವಯಸ್ಸು ಎಂದು ಆರ್ಡಿಸ್ ಅಂದುಕೊಂಡಳು. ಒಳಗೊಳಗೆ, ಇದೂ ಸಮುದ್ರದ್ದೇ ಕೈವಾಡ ಎಂದುಕೊಂಡಳು.

ಮಾರ್ಲಿಸ್ ಮಾತ್ರ ಗಟ್ಟಿಯಾಗಿದ್ದಳು. ಘಳಿಗೆಗೊಮ್ಮೆ ಸಿಗರೇಟು ಸೇದಲು ಹೊರಗೆ ಹೋಗಿ, ಮಾಡಿನ ಕೆಳಗೆ ನಿಂತು ಮಳೆ ನೋಡಿ, ಕೆನ್ನೆ ಕೆಂಪಗೆ ಮಾಡಿಕೊಂಡು ಬಂದು ಕೂರುತ್ತಿದ್ದಳು. ಆದರೆ ಮಾರ್ಚ್ ಶುರುವಿನಲ್ಲಿ, ಏಣಿ ಹತ್ತುವಾಗ ಉಸಿರು ಸಾಲದೆ ನಗೆಪಾಟಲಾಗುವುದು ಬೇಡವೆಂದು, ಹದಿನಾರನೆಯ ವಯಸ್ಸಿನಿಂದ ಸೇದಿದ ಸಿಗರೇಟನ್ನು ಬಿಟ್ಟುಬಿಟ್ಟಳು. ಎಲ್ಲರೂ ಮೆಚ್ಚಿದರು. ಡಾಕ್ಟರಂತೂ ಕೈಕುಲುಕಿದರಂತೆ. ಅಂದಿನಿಂದ ಅವಳೂ ಗಾಡಿಯೊಳಗೇ ಕೂತಿರತೊಡಗಿದಳು. ಅವಳಿಗೂ ತಲೆನೋವು ಬಂತು. ಸಿಗರೇಟು ಬಿಟ್ಟರೆ ಹೀಗೇ ಆಗುತ್ತದಂತೆ ಎಂದು ಹೇಳಿಕೊಂಡಳು.

ಒಂದು ದಿನ ಆರ್ಡಿಸ್ ಯಾರಿಗೂ ಹೇಳದೆ ಕಾರು ತೆಗೆದುಕೊಂಡು ಒಬ್ಬಳೇ ಕಡಲತೀರಕ್ಕೆ ಹೋದಳು. ಹೆದರಿಕೆ ನಿಜವೋ ಸುಳ್ಳೋ ಎದುರಿಗೇ ನೋಡಿಬಿಡೋಣ ಎಂದು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅಲೆಗಳು ದೂರದಿಂದಲೇ ಹಲ್ಲು ತೋರಿಸಿಕೊಂಡು ಬರುತ್ತಿದ್ದವು. ಎಲ್ಲಿಯಾದರೂ ತಲೆ ಸಿಡಿಯುವುದಿದ್ದರೆ ಇಲ್ಲಿ ಸಿಡಿಯಬೇಕಿತ್ತು. ಸಿಡಿಯಲಿಲ್ಲ. ತಿಂಗಳಿನಿಂದ ಇಲ್ಲದಷ್ಟು ತಲೆ ತಿಳಿಯಾಗಿತ್ತು, ಹೊಟ್ಟೆ ಹಸಿಯುತ್ತಿತ್ತು. ಅವಳು ಅಲ್ಲೇ ನಿಂತು ಇದೇನಿದು ಎಂದು ಬಹಳ ಹೊತ್ತು ಯೋಚಿಸಿದಳು. ನಿಜದ ಅಂಚಿನವರೆಗೆ ಬಂದಿದ್ದಳು. ಆದರೆ ಮನಸ್ಸು ಒಮ್ಮೆ ಒಂದು ಗಾಲಿಜಾಡಿಗೆ ಬಿದ್ದರೆ ಎಲ್ಲವನ್ನೂ ಅದರಲ್ಲೇ ಎಳೆದುಕೊಂಡು ಹೋಗುತ್ತದೆ. ಸಮುದ್ರ ನನ್ನನ್ನು ಪುಸಲಾಯಿಸುತ್ತಿದೆ ಎಂದುಕೊಂಡಳು. ಬಾ ಎಂದು ಕರೆಯುವಾಗ ಯಾರು ಮುಖ ಸಿಂಡರಿಸುತ್ತಾರೆ?

ಅವಳು ಮನೆಗೆ ಬಂದದ್ದು ಪ್ರವಾಸ ಬೇಡ ಎಂದು ಹೇಳಿಬಿಡುವ ನಿರ್ಧಾರದಲ್ಲಿ. ಹೇಳಿದ್ದು ಆ ಭಾನುವಾರ.

ಅಂದು ಮಳೆ ಬಿಡದೆ ಹೊಯ್ಯುತ್ತಿತ್ತು, ಚಳಿಯೂ ಹೆಚ್ಚು. ಮಾರ್ಲಿಸ್ ಚರ್ಚಿನಿಂದ ಹೊಸ ಬೂಟಿನಲ್ಲೇ ನೇರ ಬಂದಿದ್ದಳು. ರಾಯ್ಸ್ ಹೀಟರನ್ನು ಪೂರ್ತಿ ಏರಿಸಿದ್ದ. ಆರ್ಡಿಸ್ ತನ್ನ ಮಾತು ಹೇಳಿದಳು: ಈ ಪ್ರವಾಸದಲ್ಲಿ ನಮ್ಮಲ್ಲೊಬ್ಬರು ವಾಪಸು ಬರುವುದಿಲ್ಲ ಅಂತ ನನಗನ್ನಿಸುತ್ತಿದೆ, ಕಾಡಿನ ಕಡೆ ಹೋಗೋಣ, ಸಮುದ್ರ ಬೇಡ. ರಾಯ್ಸ್ ಮೇಜು ಗುದ್ದಿದ. ತಿಂಗಳುಗಟ್ಟಲೆ ಮಾಡಿದ್ದನ್ನೆಲ್ಲ ನೀರಿಗೆ ಹಾಕುತ್ತೀಯಾ ಎಂದು ಕೂಗಿದ. ನಲವತ್ತು ವರ್ಷದಲ್ಲಿ ಅವನು ಅವಳ ಮೇಲೆ ಕೂಗಿದ್ದು ಅದೇ ಮೊದಲು. ಮಾರ್ಲಿಸ್ ನಡುವೆ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು, ಆದರೂ ನಗುತ್ತಿದ್ದಳು.

"ಏಣಿ ಬೇಡ ಬಿಡೇ. ನಾನೊಬ್ಳೇ ಹತ್ತಿ ಮೇಲಿಂದ ನಿಂಗೆ ಕೈ ಬೀಸ್ತೀನಿ."

"ಏಣಿಗೆ ಹೆದರಿಕೆ ಇಲ್ಲ ಕಣೇ. ಏಣಿ ಕೆಳಗಡೆ ಇರೋದಕ್ಕೆ," ಎಂದಳು ಆರ್ಡಿಸ್.

ತಲೆ ಸಿಡಿಯುತ್ತಿತ್ತು. ಇನ್ನೂ ಕೂತರೆ ಆಡಬಾರದ್ದು ಆಡಿಬಿಡುತ್ತೇನೆಂದು, ರಾತ್ರಿಯ ಅಡುಗೆಗೆ ಕೋಳಿ ತರುತ್ತೇನೆ ಎಂದು ಹೇಳಿ ಎದ್ದಳು. ಮೆಟ್ಟಿಲಿಳಿಯುವಾಗ ಹಿಂದೆ, ಇಲ್ಲಿ ಉಸಿರು ಕಟ್ಟುತ್ತೆ ಎಂದು ಮಾರ್ಲಿಸ್ ತನ್ನ ಪಕ್ಕದ ಕಿಟಕಿಯನ್ನು ಸರಿಸಿದ ಸದ್ದು ಕೇಳಿಸಿತು. ತಮ್ಮನನ್ನು ಅವಳು ಸಮಾಧಾನ ಮಾಡುತ್ತಾಳೆ, ತಾನು ಬರುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ ಎಂದುಕೊಂಡು ಹೋದಳು. ಅಂಗಡಿಯಲ್ಲಿ ಹಿಂದೆ ಅವಳ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಸಿಕ್ಕಿ, ತನ್ನ ಮಗುವಿನ ಫೋಟೊ ತೋರಿಸುತ್ತ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡಳು.

ವಾಪಸು ಬಂದಾಗ ಟಾರ್ಪಾಲು ಹಾಗೇ ಇತ್ತು, ಹೀಟರಿನ ಗುರ್ ಸದ್ದೂ ಹಾಗೇ ಇತ್ತು. ಮಾತಿನ ಸದ್ದಿರಲಿಲ್ಲ. ಮಲಗಿದ್ದಾರೇನೋ ಎಂದುಕೊಂಡು ಟಾರ್ಪಾಲಿನ ಅಂಚು ಎತ್ತಿ ಬಾಗಿಲೆಳೆದಳು. ರಾಯ್ಸ್ ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದ. ಎದ್ದು ಹೊರಗೆ ಬರಲು ನೋಡಿರಬೇಕು. ಮಾರ್ಲಿಸ್ ಕಿಟಕಿಯ ಪಕ್ಕದಲ್ಲಿ ಮೇಜಿನ ಮೇಲೆ ತೋಳು ಮಡಚಿ, ಅದರ ಮೇಲೆ ಕೆನ್ನೆಯಿಟ್ಟುಕೊಂಡಿದ್ದಳು. ಕೆನ್ನೆ ಕೆಂಪಗೆ, ಆರೋಗ್ಯವಾಗಿ, ಈಗ ತಾನೇ ಹೊರಗೆ ಗಾಳಿಯಲ್ಲಿ ನಿಂತು ಬಂದವಳ ಹಾಗೆ ಕಾಣುತ್ತಿತ್ತು.

ಆರ್ಡಿಸ್ ಕೂಗಲಿಲ್ಲ. ಬಸ್ಸು ಓಡಿಸಿದ ಕೈಗಳು ಅವಳವು, ಅವೇ ಕೆಲಸ ಮಾಡಿದವು. ಗಂಡನ ಕಂಕುಳಿಗೆ ಕೈಹಾಕಿ ಮೆಟ್ಟಿಲ ಮೇಲಿಂದ ಕೆಸರಿಗೆ ಎಳೆದುಹಾಕಿದಳು. ಬಾಗಿಲಿಗೆ ಅಡ್ಡ ಇದ್ದವನು ಅವನು, ಅವನನ್ನು ದಾಟದೆ ಒಳಗೆ ಹೋಗುವಂತಿರಲಿಲ್ಲ. ಆಮೇಲೆ ಉಸಿರು ಹಿಡಿದು ಒಳನುಗ್ಗಿ ಮಾರ್ಲಿಸ್‌ಳನ್ನು ಎಳೆದಳು. ಮೇಜಿನ ಕೆಳಗೆ ಹೊಸ ಬೂಟು ಸಿಕ್ಕಿಕೊಂಡಿತ್ತು. ಬಿಡಿಸುವಷ್ಟರಲ್ಲಿ ಅವಳಿಗೇ ಕಣ್ಣು ಕತ್ತಲಿಟ್ಟಿತು. ಎದುರು ಮನೆಯವರು ಓಡಿಬಂದಾಗ ಮೂವರೂ ಮಳೆಯಲ್ಲಿ ಬಿದ್ದಿದ್ದರು.

ಮಾರ್ಲಿಸ್ ಬದುಕಲಿಲ್ಲ.

ಅಗ್ನಿಶಾಮಕದವರಲ್ಲಿ ಹಿರಿಯನೊಬ್ಬ ಆಸ್ಪತ್ರೆಗೇ ಬಂದು ಆರ್ಡಿಸ್‌ಗೆ ವಿವರಿಸಿ ಹೇಳಿದ. ಹೀಟರಿನ ಹೊಗೆ ಹೊರಗೆ ಹೋಗುವ ಕೊಳವೆ ಗಾಡಿಯ ಪಕ್ಕದ ಗೋಡೆಯಲ್ಲಿತ್ತು. ಟಾರ್ಪಾಲು ಅದನ್ನು ಮುಚ್ಚಿಕೊಂಡಿತ್ತು. ವಾಸನೆಯೂ ಬಣ್ಣವೂ ಇಲ್ಲದ ಆ ವಿಷಗಾಳಿ ಟಾರ್ಪಾಲಿನ ಕೆಳಗೇ ತುಂಬಿ, ಸಂದು ಸಿಕ್ಕಿದಲ್ಲಿ ಒಳಗೆ ಬರುತ್ತಿತ್ತು. ದಿನವೂ ಸ್ವಲ್ಪ ಸ್ವಲ್ಪ. ಭಾನುವಾರ ಮಾರ್ಲಿಸ್ ಗಾಳಿ ಬೇಕೆಂದು ತೆರೆದ ಕಿಟಕಿ ಟಾರ್ಪಾಲಿನ ಒಳಗಡೆಗೇ ತೆರೆಯುತ್ತಿತ್ತು. ನೀವು ನಿಮ್ಮ ಅತ್ತಿಗೆಯನ್ನು ಮೊದಲು ಎಳೆದಿದ್ದರೂ ಪ್ರಯೋಜನವಿರಲಿಲ್ಲ ಎಂದು, ಅವಳು ಕೇಳದೆಯೇ ಹೇಳಿದ. ಅಷ್ಟರಲ್ಲೇ ಆರ್ಡಿಸ್‌ಗೆ ತಿಳಿಯಿತು, ಇದನ್ನು ತಾನು ಮುಂದೆ ದಿನವೂ ಕೇಳಿಕೊಳ್ಳಬೇಕಾಗುತ್ತದೆ ಎಂದು. ಎಚ್ಚರಿಕೆ ಗಂಟೆ ಇರಲಿಲ್ಲವೇ ಎಂದು ಅವನು ಕೇಳಿದ. ಇತ್ತು, ಕೆಟ್ಟಿತ್ತು ಎಂದಳು. ಹಳತಾದರೆ ಅವು ಹಾಗೆ ಕೂಗುತ್ತವೆ, ಬದಲಿಸಿ ಎಂದೇ ಕೂಗುವುದು, ಎಂದು ಹೇಳಿ ಅವನು ಟೊಪ್ಪಿಗೆ ಹಾಕಿಕೊಂಡ.

ಅವಳು ಸಮುದ್ರವನ್ನು ಕಾಯುತ್ತಿದ್ದಳು. ಅದು ಇಪ್ಪತ್ತು ಮೈಲಿ ಆಚೆ ತನ್ನ ಪಾಡಿಗೆ ತಾನು ಏರಿಳಿಯುತ್ತಿತ್ತು.

ರಾಯ್ಸ್‌ನನ್ನು ಸಿಯಾಟಲಿಗೆ ಒಯ್ದು, ಒತ್ತಡದ ಕೋಣೆಯಲ್ಲಿ ಮಲಗಿಸಿ ಆಮ್ಲಜನಕ ಕೊಟ್ಟರು. ಅವನು ಎದ್ದ, ಗುರುತು ಹಿಡಿದ, ಅಕ್ಕನ ಸುದ್ದಿ ಕೇಳಿ ಗೋಡೆಯ ಕಡೆ ತಿರುಗಿ ಅತ್ತ. ಹೂಳುವ ದಿನ ಕಪ್ಪು ಕೋಟು ಹಾಕಿಕೊಂಡು ತಾನೇ ಹೆಗಲು ಕೊಟ್ಟ. ಒಂದು ಸಂಜೆ, ಅದನ್ನ ಬಿಚ್ಚಿದ್ದು ನಾನು, ಎಂದಷ್ಟೇ ಹೇಳಿದ. ಆರ್ಡಿಸ್ ಅವನ ಕೈ ಹಿಡಿದುಕೊಂಡು ಕೂತಳು. ಮಗಳು ಸ್ಪೋಕೇನ್‌ನಿಂದ ಬಂದು ಸ್ವಲ್ಪ ದಿನ ಇದ್ದು, ಅಪ್ಪ ಗಟ್ಟಿಯಾಗಿದ್ದಾರೆ ಎಂದು ಹೊರಟುಹೋದಳು. ಗಾಡಿಯನ್ನು ಗುಜರಿಯವರು ಎಳೆದುಕೊಂಡು ಹೋದರು.

ಆಮೇಲೆ, ಎಲ್ಲ ಮುಗಿಯಿತು ಎಂದುಕೊಂಡಾಗ, ಅದು ಮತ್ತೆ ಬಂತು. ಡಾಕ್ಟರು ಮೊದಲೇ ಒಂದು ಮಾತು ಹೇಳಿದ್ದರು: ಕೆಲವರಿಗೆ ವಾರಗಳ ಮೇಲೆ ಮೆದುಳಿನಲ್ಲಿ ತೊಂದರೆ ಕಾಣಿಸಿಕೊಳ್ಳಬಹುದು. ಏಪ್ರಿಲ್ ಕೊನೆಯಲ್ಲಿ ರಾಯ್ಸ್ ಒಂದು ಬೆಳಿಗ್ಗೆ ಷರಟಿನ ಗುಂಡಿ ಹಾಕಲು ಹೋಗಿ ನಿಂತುಬಿಟ್ಟ, ಅದನ್ನು ಹೇಗೆ ಹಾಕುವುದೆಂದು ಬೆರಳುಗಳು ಮರೆತಿದ್ದವು. ನಡಿಗೆ ತುಣುಕು ತುಣುಕಾಯಿತು. ಮೇ ತಿಂಗಳಿಗೆ ಅವನ ತಲೆಯಿಂದ ಆ ಚಳಿಗಾಲ ಪೂರ್ತಿ ಅಳಿಸಿಹೋಗಿತ್ತು. ಗಂಟೆ ಬಿಚ್ಚಿದ್ದು, ಭಾನುವಾರ, ಹೂಳಿದ್ದು, ಯಾವುದೂ ಇರಲಿಲ್ಲ. ಉಳಿದದ್ದು ಪ್ರವಾಸ ಮಾತ್ರ. ಯಾವಾಗ ಹೊರಡುವುದು, ಮಾರ್ಲಿಸ್ ಯಾಕಿನ್ನೂ ಬಂದಿಲ್ಲ ಎಂದು ದಿನಕ್ಕೆ ಹತ್ತು ಸಲ ಕೇಳುವನು. ಮೊದಮೊದಲು ಆರ್ಡಿಸ್ ನಿಜ ಹೇಳಿದಳು. ಪ್ರತಿ ಸಲವೂ ಅವನಿಗೆ ಅದು ಹೊಸ ಸಾವು. ಮೊದಲ ದಿನ ಆಸ್ಪತ್ರೆಯಲ್ಲಿ ಅತ್ತ ಹಾಗೆಯೇ ಅತ್ತು, ಒಂದು ಗಂಟೆಯಲ್ಲಿ ಮರೆತು, ಮತ್ತೆ ಕೇಳುವನು. ಕೊನೆಗೆ ಅವಳು, ಬರ್ತಾಳೆ, ಎನ್ನತೊಡಗಿದಳು.

ಜೂನ್‌ನಲ್ಲಿ ಅವನನ್ನು ಕರೆದುಕೊಂಡು ಹೋಗಲು ನಿರ್ಧರಿಸಿದಳು. ಮಗಳು ಫೋನಿನಲ್ಲಿ ಬೇಡವೆಂದು ಜಗಳವಾಡಿದಳು. ಆರ್ಡಿಸ್ ಕೇಳಲಿಲ್ಲ. ಇವನ ತಲೆಯಲ್ಲಿ ಉಳಿದಿರುವುದು ಅದೊಂದೇ, ಅದನ್ನಾದರೂ ಮಾಡಿಬಿಡೋಣ ಎಂಬುದು ಒಂದು. ಕೇಳಿದ ಪ್ರಶ್ನೆಯನ್ನೇ ಕೇಳಿಸಿಕೊಳ್ಳುತ್ತ ಆ ಮನೆಯಲ್ಲಿ ಕೂತಿರಲು ತನ್ನಿಂದ ಆಗದು ಎಂಬುದು ಇನ್ನೊಂದು. ಕಾರಿನ ನಿಲ್ದಾಣದಿಂದ ದಡ ಹತ್ತಿರವೆಂದು ರಿಯಾಲ್ಟೊವನ್ನು ಆರಿಸಿಕೊಂಡಳು.

ಹೋದಾಗ ಇಳಿತ. ಬೂದುಬಣ್ಣದ ಉರುಟು ಕಲ್ಲುಗಳ ದಡ, ಅದರ ಮೇಲ್ಗಡೆ ಕಾಡಿನಂಚಿಗೆ ಒತ್ತಿಕೊಂಡು ಬಿದ್ದ ದಿಮ್ಮಿಗಳು, ದೂರದಲ್ಲಿ ಗುಡ್ಡ ಕಡಲಿಗೆ ಚಾಚಿದ ಮೂಗು. ರಾಯ್ಸ್ ಅವಳ ತೋಳು ಹಿಡಿದು ಚೆನ್ನಾಗಿಯೇ ನಡೆದ. ತಿಂಗಳುಗಳ ಮೇಲೆ ಅವನ ಮುಖದಲ್ಲಿ ಬೆಳಕು ಕಂಡಿತು. ಒಂದು ಸಣ್ಣ ಹೊಳೆ ದಾಟಿದರು, ಪಾದ ನೆನೆಯುವಷ್ಟು ನೀರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅವನೇ ಮುಂದೆ ಎಳೆದ. ಗುಡ್ಡದ ಹತ್ತಿರ ಒಂದು ದಿಮ್ಮಿಯ ಮೇಲೆ ಕೂತುಬಿಟ್ಟ. ಆರ್ಡಿಸ್ ಕೂರಲಿಲ್ಲ. ಸಮುದ್ರದ ಕಡೆ ಮುಖ ಮಾಡಿ ನಿಂತಳು. ಎಷ್ಟು ಹೊತ್ತು ಕಳೆಯಿತೋ, ಮುಂಚೆ ಒಣಗಿದ್ದ ಕಲ್ಲಿನ ಸಾಲೊಂದು ಹೊಳೆಯುತ್ತಿರುವುದನ್ನು ಅವಳು ಕಂಡಳು. ನೀರು ತಿರುಗಿತ್ತು. ಏಳು, ಹೋಗೋಣ ಎಂದಳು.

"ಮಾರ್ಲಿಸ್ ಬರ್ಲಿ."

"ಅವಳು ಆಮೇಲೆ ಬರ್ತಾಳೆ. ನಾವು ನಡೀತಿರೋಣ."

"ಹೊಸ ಬೂಟು ಕಚ್ಚಿರುತ್ತೆ ಅವಳಿಗೆ. ಎಲ್ಲೋ ಕೂತಿದಾಳೆ. ಅವಳನ್ನ ಬಿಟ್ಟು ಬಂದ್ರೆ ಅಪ್ಪಂಗೆ ಏನಂತ ಹೇಳ್ಲಿ?"

ಅವನು ದಿಮ್ಮಿಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅವಳು ಎಳೆದಳು, ಗದರಿದಳು, ಕಾರಿನಲ್ಲಿ ಕಾಯುತ್ತಿದ್ದಾಳೆ ಎಂದು ಸುಳ್ಳು ಹೇಳಿದಳು. ಅವನು ಜಗ್ಗಲಿಲ್ಲ. ಅಷ್ಟು ದೊಡ್ಡ ಆಳನ್ನು ಒಮ್ಮೆ ಎಳೆದಿದ್ದಳು, ಎರಡನೆಯ ಸಲ ಆಗುವಂತಿರಲಿಲ್ಲ. ಸುತ್ತ ಒಂದು ನರಪಿಳ್ಳೆಯಿಲ್ಲ. ಅಲೆಯೊಂದು ಕಲ್ಲುಗಳನ್ನು ಉರುಳಿಸಿಕೊಂಡು ಬಂದು ದಿಮ್ಮಿಯ ಬುಡವನ್ನು ಮುಟ್ಟಿತು. ರಾಯ್ಸ್ ಕೂತಿದ್ದ ದಿಮ್ಮಿ ನಿದ್ದೆಯಲ್ಲಿ ಮಗ್ಗುಲಾದ ಹಾಗೆ ಒಂದಿಷ್ಟು ಅಲುಗಿತು.

ಆರ್ಡಿಸ್ ಅವನ ಮುಂದೆ ನೀರಿನಲ್ಲೇ ಮಂಡಿಯೂರಿದಳು. ಮೊದಲ ಸಲ ಸಮುದ್ರಕ್ಕೆ ಬೆನ್ನು ಕೊಟ್ಟಳು.

"ನನ್ನ ನೋಡು, ರಾಯ್ಸ್. ಮಾರ್ಲಿಸ್ ಬರಲ್ಲ. ಸತ್ತುಹೋದ್ಲು. ಮಾರ್ಚಲ್ಲಿ, ನಮ್ಮ ಗಾಡೀಲಿ. ಹೀಟರಿಂದ ಕೆಟ್ಟ ಗಾಳಿ ತುಂಬಿತ್ತು. ನೀನೂ ಅಲ್ಲೇ ಇದ್ದೆ."

ಅವನು ಅವಳ ಕಡೆ ಬಾಗಿದ.

"ನಾನೇನ್ ಮಾಡ್ತಿದ್ದೆ?"

ಬಿಚ್ಚಿದ ಗಂಟೆಯ ಮಾತು ಅವಳ ಬಾಯಿಯವರೆಗೆ ಬಂತು. ಇನ್ನೊಂದು ಅಲೆ ಬೆನ್ನ ಹಿಂದೆ ಒಡೆಯುವುದು ಕೇಳಿಸಿತು.

"ನಕಾಶೆ ನೋಡ್ತಿದ್ದೆ," ಎಂದಳು. "ಅಕ್ಕ ತಮ್ಮ ಇಬ್ರೂ ನಕಾಶೆ ನೋಡ್ತಿದ್ರಿ."

"ನೋವಾಯ್ತಾ ಅವಳಿಗೆ?"

"ಇಲ್ಲ. ನಿದ್ದೆ ಬಂದ ಹಾಗೆ."

ಅವನು ಅಳಲಿಲ್ಲ. ಕೈ ಸಡಿಲಿಸಿ, ಅವಳ ಹೆಗಲಿಗೆ ಒರಗಿ ಎದ್ದ. ವಾಪಸು ಬರುವಾಗ ಆ ಸಣ್ಣ ಹೊಳೆ ಮಂಡಿಯ ಮೇಲಕ್ಕಿತ್ತು. ದಿಮ್ಮಿಗಳು ಒಂದಕ್ಕೊಂದು ತಾಗಿ ಗುಡುಗಿನ ಹಾಗೆ ಸದ್ದು ಮಾಡುತ್ತಿದ್ದವು. ಕೈಕೈ ಹಿಡಿದು, ಅಲೆ ಸರಿದಾಗ ನಾಲ್ಕು ಹೆಜ್ಜೆ, ಬಂದಾಗ ನಿಂತು, ಹಾಗೆ ದಾಟಿದರು. ಕಾರಿನಲ್ಲಿ ಕೂರಿಸಿ ಒದ್ದೆ ಸಾಕ್ಸು ತೆಗೆಯುವಾಗ ರಾಯ್ಸ್ ಕೇಳಿದ, ಮಾರ್ಲಿಸ್ ಊಟ ಮಾಡಿದಳಾ ಎಂದು.

"ಮಾಡಿದ್ಲು," ಎಂದಳು ಆರ್ಡಿಸ್.

ಅವನು ಮುಂದೆ ಎರಡು ಚಳಿಗಾಲ ಬದುಕಿದ. ಅವಳು ಅವನನ್ನು ಮತ್ತೆ ಕಡಲಿಗೆ ಕರೆದೊಯ್ಯಲಿಲ್ಲ. ಬೇರೆ ಯಾರಿಗೂ ಬಿಟ್ಟುಕೊಡಲೂ ಇಲ್ಲ. ಆ ಮನೆಗೆ ಹೋಗಿಬಂದವರು ಹೇಳುವುದೇನೆಂದರೆ, ಜನವರಿಯ ಮಳೆಯಲ್ಲೂ ಅಲ್ಲಿ ಎಲ್ಲ ಕಿಟಕಿಗಳೂ ತೆರೆದೇ ಇರುತ್ತಿದ್ದವಂತೆ. ಪರದೆಗಳು ತೊಯ್ದು ತೊಟ್ಟಿಕ್ಕುತ್ತಿದ್ದವಂತೆ. ಒಳಗೆ ಅವಳು ಕೋಟು ಹಾಕಿಕೊಂಡು ಕೂತು, ಕಂಬಳಿ ಸುತ್ತಿದ ಗಂಡನ ಎದೆ ಏರಿಳಿಯುವುದನ್ನೇ ನೋಡುತ್ತಿರುತ್ತಿದ್ದಳಂತೆ.

"ಮುಚ್ಚೇ ಅದನ್ನ. ಚಳಿ," ಎನ್ನುತ್ತಿದ್ದ ರಾಯ್ಸ್.

"ಇರ್ಲಿ," ಎಂದು ಎದ್ದು ಅವಳು ಅವನಿಗೆ ಇನ್ನೊಂದು ಕಂಬಳಿ ತರುತ್ತಿದ್ದಳು.